ಆರ್ವಿಡ್ ಕಂಡ ಬೂದು ಗೂಬೆ

ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುತ್ತ ಆಡಿದ ಸುಳ್ಳು ದೇವರ ಕಿವಿಗೆ ಬೀಳುವುದಿಲ್ಲ ಎಂದು ಆರ್ವಿಡ್ ಟ್ವೈಟ್ ನಂಬಿದ್ದ. ದೇವರ ವಿಷಯ ನಮಗೆ ತಿಳಿಯದು. ಹುಲ್ಡಮ್ಮನ ಕಿವಿಗಂತೂ ಬಿತ್ತು.

ತಪ್ಪು ಪೂರ್ತಿ ಆರ್ವಿಡ್‌ನದೆಂದು ಹೇಳಿದರೆ ಅನ್ಯಾಯವಾದೀತು. ಅವನ ಹೆಂಡತಿ ಲೊರೇನ್‌ಳ ತಮ್ಮ ಮಿಲ್ಟನ್ ಆ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ, ನಿಂಬೆಹಣ್ಣಿನ ಸಿಹಿ ಮೆಲ್ಲುತ್ತ, ವಿಮಾನ ನಿಲ್ದಾಣದ ಬೇಲಿಯ ಮೇಲೆ ತಾನು ಹಿಮಗೂಬೆ ನೋಡಿದ ಕತೆಯನ್ನು ಮತ್ತೆ ಮೊದಲಿನಿಂದ ಹೇಳುತ್ತಿದ್ದ. ಮಿಲ್ಟನ್ ಬಳಿ ಮೂರು ಕಾಲಿನ ದೊಡ್ಡ ಟೆಲಿಸ್ಕೋಪ್ ಇತ್ತು. ಆರ್ವಿಡ್ ಬಳಿ ಇದ್ದದ್ದು ಟಯರ್ ಕಂಪನಿಯವರು ಹೊಸ ವರ್ಷಕ್ಕೆ ಬಿಟ್ಟಿಯಾಗಿ ಕೊಟ್ಟ ದುರ್ಬೀನು. ಬಾಲ್ಡರ್ ಲೇಕ್ ಊರಿನ ಹಕ್ಕಿ ಕ್ಲಬ್ಬಿನಲ್ಲಿ ಅವನು ಗಳಿಸಿದ್ದ ಹೆಸರೂ ಅಷ್ಟಕ್ಕಷ್ಟೇ. ಬೇಲಿಗೂಟಕ್ಕೆ ಯಾರೋ ಸಿಕ್ಕಿಸಿ ಹೋಗಿದ್ದ ಕೈಗವಸನ್ನು ಹಕ್ಕಿಯೆಂದು ಇಡೀ ಗುಂಪಿಗೆ ಸನ್ನೆ ಮಾಡಿ ತೋರಿಸಿ, ಎಲ್ಲರೂ ಉಸಿರು ಬಿಗಿಹಿಡಿದು ನಿಲ್ಲುವ ಹಾಗೆ ಮಾಡಿದವನು ಅವನೇ.

"ಭಾವ, ಈ ಚಳಿಗಾಲ ನಿಮ್ಗೆ ಏನಾದ್ರೂ ಕಾಣಿಸ್ತಾ?" ಎಂದು ಮಿಲ್ಟನ್ ಎಲ್ಲರಿಗೂ ಕೇಳುವಂತೆ ಕೇಳಿದ. "ಕೈಗವಸು, ಕಾಲುಚೀಲ, ಏನಾದ್ರೂ?"

"ದೊಡ್ಡ ಬೂದು ಗೂಬೆ," ಎಂದುಬಿಟ್ಟ ಆರ್ವಿಡ್.

ಅವನ ಟಯರ್ ಅಂಗಡಿಯ ಕ್ಯಾಲೆಂಡರಿನಲ್ಲಿ ಡಿಸೆಂಬರ್ ತಿಂಗಳಿಗೆ ಇದ್ದದ್ದು ಅದೇ ಹಕ್ಕಿಯ ಚಿತ್ರ. ಬಾಯಿಗೆ ಬಂದದ್ದು ಅದು. ಜನ ಇನ್ನೊಬ್ಬರ ತಲೆಯ ಮೇಲೆ ಗೂಬೆ ಕೂರಿಸುವುದನ್ನು ನಾವೆಲ್ಲ ನೋಡಿದ್ದೇವೆ. ತನ್ನ ತಲೆಯ ಮೇಲೆ ತಾನೇ, ಅದೂ ಅಷ್ಟು ದೊಡ್ಡ ಜಾತಿಯದನ್ನು ಕೂರಿಸಿಕೊಂಡವನು ಆರ್ವಿಡ್ ಒಬ್ಬನೇ ಇರಬೇಕು.

ಬಾಗಿಲ ಬಳಿಯ ಕುರ್ಚಿಯಿಂದ ಹುಲ್ಡಾ ಆಮೋಟ್ ಎದ್ದು ನಿಂತರು. ಊರಿಗೆಲ್ಲ ಅವರು ಹುಲ್ಡಮ್ಮ. ಹಕ್ಕಿ ಕ್ಲಬ್ ಹುಟ್ಟಿಸಿದವರು, ಎಂಬತ್ತು ದಾಟಿದ ಮೇಲೂ ಶನಿವಾರ ಬೆಳಗಿನ ನಡಿಗೆಗೆ ಎಲ್ಲರಿಗಿಂತ ಮುಂದೆ ಇರುವವರು. ಆ ಕಡೆಯ ಕಾಡಿಗೆ ಬರುವ ಗೂಬೆಗಳನ್ನೆಲ್ಲ ನೋಡಿದ್ದ ಅವರಿಗೆ ದಕ್ಕದೆ ಉಳಿದಿದ್ದದ್ದು ಇದೊಂದು. ಇದು ಇನ್ನೂ ಉತ್ತರದ ಹಕ್ಕಿ. ಅಲ್ಲಿ ಇಲಿ ಸಿಗದ ವರ್ಷ ಮಾತ್ರ ಕೆಳಗಿಳಿದು ಬರುತ್ತದೆ. ಹೋದ ಸಲ ಬಂದಾಗ ಹುಲ್ಡಮ್ಮ ಗಂಡನ ಮಣ್ಣಿಗೆ ಹೋಗಿದ್ದರು. ಕ್ಲಬ್ಬಿನ ಮಿಕ್ಕವರೆಲ್ಲ ಆವತ್ತು ಗೂಬೆ ನೋಡಿ, ಮಧ್ಯಾಹ್ನ ಸಂತಾಪ ಹೇಳಲು ಬಂದಿದ್ದರು.

"ಗುರುತು ಹೇಳು," ಎಂದರು ಹುಲ್ಡಮ್ಮ.

ಆರ್ವಿಡ್ ಕ್ಯಾಲೆಂಡರನ್ನು ನೆನೆಸಿಕೊಂಡು ಹೇಳಿದ. ತಟ್ಟೆಯಷ್ಟು ಅಗಲದ ಮುಖ, ಸುತ್ತ ಬಳೆ ಬಳೆಯಾಗಿ ಗೆರೆ, ಹಳದಿ ಕಣ್ಣು, ಗಲ್ಲದ ಕೆಳಗೆ ಬಿಳಿ ಮೀಸೆ. ಒಂದಕ್ಷರ ತಪ್ಪಲಿಲ್ಲ.

"ಎಲ್ಲಿ?"

"ಜೌಗಿನ ರಸ್ತೆ. ಹಳೇ ಜಲ್ಲಿ ಗುಂಡಿ ಹತ್ರ."

"ಹಾಗಾದ್ರೆ ಶನಿವಾರ ನಡಿಗೆ ಅಲ್ಲಿಗೇ," ಎಂದು ಹುಲ್ಡಮ್ಮ ಕುಳಿತರು. ಅವರು ಕೈಚೀಲದಿಂದ ಪುಟ್ಟ ಪುಸ್ತಕ ತೆಗೆದು ಜಾಗದ ಹೆಸರು ಬರೆದು, ಅದರಡಿ ಎರಡು ಸಲ ಗೆರೆ ಎಳೆದದ್ದನ್ನು ಆರ್ವಿಡ್ ನೋಡಿದ.

ಮರುದಿನ ನಿಜ ಹೇಳಿಬಿಡುವುದೆಂದು ನಿರ್ಧರಿಸಿ ಅವನು ಹುಲ್ಡಮ್ಮನ ಮನೆಗೆ ಹೋದ. ಮನೆ ತುಂಬ ರಟ್ಟಿನ ಪೆಟ್ಟಿಗೆಗಳು. ಹುಲ್ಡಮ್ಮನ ಮೊಣಕಾಲಿಗೆ ಈ ಚಳಿ ಸಾಕಾಗಿತ್ತು. ಅವರು ಅರಿಜೋನಾದಲ್ಲಿರುವ ಮಗಳ ಮನೆಗೆ ಹೋಗಿ ನೆಲೆಸುವವರಿದ್ದರು.

"ಹುಲ್ಡಮ್ಮ, ಆ ಗೂಬೆ ವಿಷಯ..." ಎಂದು ಆರ್ವಿಡ್ ಟೋಪಿ ತೆಗೆದು ಕೈಯಲ್ಲಿ ಹಿಂಡತೊಡಗಿದ.

"ಶುಕ್ರವಾರದ ವಿಮಾನ ಬೇಡ ಅಂದೆ," ಎಂದರು ಹುಲ್ಡಮ್ಮ. "ಮಗಳು ಕೂಗಾಡಿದಳು. ಒಂದು ಹಕ್ಕಿಗೋಸ್ಕರ ಯಾರಾದ್ರೂ ಟಿಕೆಟ್ ಬಿಡ್ತಾರಾ ಅಂದಳು. ಬಿಡ್ತಾರೆ, ನಾನು ಬಿಟ್ಟೆ ಅಂದೆ. ನೀನೇನೋ ಹೇಳ್ತಿದ್ದೆ?"

"ಶನಿವಾರ ತುಂಬ ಚಳಿ ಇರುತ್ತಂತೆ."

"ಇರಲಿ ಬಿಡು."

ಆರ್ವಿಡ್ ಟೋಪಿ ಹಾಕಿಕೊಂಡು ವಾಪಸಾದ.

ಆಮೇಲಿನ ಬೆಳಗುಗಳನ್ನು ಅವನು ಜೌಗಿನ ರಸ್ತೆಯಲ್ಲಿ ಕಳೆದ. ಮಂಡಿಯುದ್ದ ಹಿಮದಲ್ಲಿ ಬಿದ್ದು ಎದ್ದು ಹುಡುಕಿದ. ಪುಟಾಣಿ ಚಿಕಡೀ ಹಕ್ಕಿಗಳು ಕೊಂಬೆಯಿಂದ ಕೊಂಬೆಗೆ ಹಾರುತ್ತ ಅವನನ್ನು ಬೈದವು. ಒಂದು ಕಾಡುಕೋಳಿ ಕಾಲ ಬುಡದಿಂದಲೇ ಭರ್ರನೆ ಎದ್ದು ಅವನ ಜೀವ ಬಾಯಿಗೆ ತಂದಿತು. ಗೂಬೆಯ ಒಂದು ಪುಕ್ಕವೂ ಇರಲಿಲ್ಲ. ಇತ್ತ ಊರಿನ ರೇಡಿಯೋದಲ್ಲಿ ಹಂದಿಮಾಂಸದ ದರಕ್ಕೂ ಹವಾಮಾನಕ್ಕೂ ನಡುವೆ, "ನಮ್ಮ ಆರ್ವಿಡ್ ಟ್ವೈಟ್ ಅವರ ಗೂಬೆ" ಎಂದು ಸುದ್ದಿ ಬಂತು.

ಆಗ ಅವನಿಗೆ ಇಲಿ ಹೊಳೆಯಿತು.

ಇದು ಎಂಥ ಅಪಾಯದ ಯೋಚನೆಯೆಂದು ಹೇಳದಿದ್ದರೆ ಕತೆ ಕೆಡುತ್ತದೆ. ಗೂಬೆಗೆ ಇಲಿ ಎಸೆದು ಹತ್ತಿರ ಕರೆಯುವುದು ಹಕ್ಕಿ ನೋಡುವವರಲ್ಲಿ ಮಹಾಪಾಪ. ಮನುಷ್ಯರ ಕೈಯಿಂದ ತಿಂದು ರೂಢಿಯಾದ ಗೂಬೆ ರಸ್ತೆ ಬದಿಗೆ ಬಂದು ಕಾಯುತ್ತದೆ, ಕಾರಿಗೆ ಸಿಕ್ಕಿ ಸಾಯುತ್ತದೆ. ಹಾಗೆ ಸತ್ತ ಒಂದು ಗೂಬೆಯನ್ನು ಹುಲ್ಡಮ್ಮ ಕೈಯಾರೆ ಎತ್ತಿ ಮಣ್ಣು ಮಾಡಿದ್ದರು. ಹೋದ ವರ್ಷ ಫೋಟೋ ತೆಗೆಯಲು ಇಲಿ ಎಸೆದ ದಂತವೈದ್ಯನನ್ನು, ಊರೆಲ್ಲ ಪ್ಯಾನ್‌ಕೇಕ್ ತಿನ್ನಲು ಕೂತಿದ್ದ ಚರ್ಚಿನ ಊಟದಲ್ಲಿ ಹೆಸರು ಹಿಡಿದು ಕೂಗಿ ಕ್ಲಬ್ಬಿನಿಂದ ಹೊರಗೆ ಹಾಕಿದ್ದರು. ಆಮೇಲೆ ಊರಿನವರು ಹಲ್ಲು ಕೀಳಿಸಲು ಪಕ್ಕದ ಊರಿಗೆ ಹೋಗತೊಡಗಿದರು.

ಆದರೂ ಆರ್ವಿಡ್ ಸಾಕುಪ್ರಾಣಿ ಅಂಗಡಿಗೆ ಹೋಗಿ ಎರಡು ಬಿಳಿ ಇಲಿ ಕೇಳಿದ.

"ನಿಮ್ಮ ಹಾವು ಎಷ್ಟುದ್ದ?" ಎಂದು ಅಂಗಡಿಯವನು ಕೇಳಿದ. ಅವನ ಹತ್ತಿರ ಇಲಿ ಕೊಳ್ಳುವವರೆಲ್ಲ ಹಾವು ಸಾಕಿದವರೇ.

ಆರ್ವಿಡ್ ಎರಡೂ ಕೈ ಚಾಚಿ ತೋರಿಸಿದ.

ಅವನು ಮನೆ ಮುಟ್ಟುವ ಮೊದಲೇ ಹಾವಿನ ಸುದ್ದಿ ಮುಟ್ಟಿತ್ತು. ಲೊರೇನ್ ಅಡುಗೆಮನೆಯ ಕುರ್ಚಿಯ ಮೇಲೆ ಹತ್ತಿ ನಿಂತು, ಕೈಯಲ್ಲಿ ಪೊರಕೆ ಹಿಡಿದಿದ್ದಳು.

"ಹಾವು ಎಲ್ಲಿ, ಆರ್ವಿಡ್?"

"ಹಾವಿಲ್ಲ ಲೊರೇನ್."

"ಹಾಗಾದ್ರೆ ಇಲಿ ಯಾರಿಗೆ? ನಿನಗಾ?"

ಆರ್ವಿಡ್ ಯೋಚಿಸಿದ. ಗೂಬೆಗೆ ಎಂದರೆ ಅದು ಮಿಲ್ಟನ್‌ಗೆ ತಿಳಿಯುತ್ತದೆ. ಮಿಲ್ಟನ್‌ಗೆ ತಿಳಿದದ್ದು ರೇಡಿಯೋಗೆ ತಿಳಿಯುತ್ತದೆ.

"ಹಾವು ಅಂಗಡೀಲಿದೆ," ಎಂದ.

"ಎಷ್ಟು ದಿನದಿಂದ ಸಾಕಿದೀಯ? ನಮ್ಮ ಮದುವೆಗೆ ಮುಂಚಿಂದಾನಾ?"

ಅಲ್ಲಿಂದ ಶುಕ್ರವಾರದವರೆಗೆ ಟಯರ್ ಅಂಗಡಿಗೆ ನರಪಿಳ್ಳೆ ಬರಲಿಲ್ಲ. ಚಕ್ರಕ್ಕೆ ಗಾಳಿ ಬೇಕಾದವರು ರಸ್ತೆಯಲ್ಲೇ ಹಾರನ್ ಹೊಡೆದು, ಕಿಟಕಿ ಅರ್ಧ ಇಳಿಸಿ, "ಅದು ಕಟ್ಟಿಹಾಕಿದೆಯಾ?" ಎಂದು ಕೇಳಿ ಮುಂದೆ ಹೋದರು.

ಶನಿವಾರ ಬೆಳಗಾದಾಗ ಮೂಗಿನೊಳಗಿನ ಕೂದಲೂ ಹೆಪ್ಪುಗಟ್ಟುವ ಚಳಿ. ಆರ್ವಿಡ್ ತನ್ನ ದಪ್ಪ ಕೋಟಿನ ಎಡಗಡೆಯ ಒಳಜೇಬಿಗೆ ಒಂದು ಇಲಿ, ಬಲಗಡೆಯ ಒಳಜೇಬಿಗೆ ಇನ್ನೊಂದು ಇಲಿ ಇಟ್ಟುಕೊಂಡು, ಮೇಲಿನಿಂದ ಜಿಪ್ ಎಳೆದ. ಯಾರೂ ನೋಡದಾಗ ಒಂದನ್ನು ಹಿಮದ ಮೇಲೆ ಬಿಡುವುದು, ಗೂಬೆ ಬಂದು ಎತ್ತುವುದು, ಹುಲ್ಡಮ್ಮ ನೋಡುವುದು, ಇದು ಯೋಜನೆ. ಯೋಜನೆಯಲ್ಲಿ ಇದ್ದ ಕೊರತೆ ಒಂದೇ, ಅದಕ್ಕೆ ಗೂಬೆ ಬೇಕಾಗಿತ್ತು.

ಜಲ್ಲಿ ಗುಂಡಿಯ ಬಳಿ ಕಾರುಗಳ ಸಾಲು ತಿರುವಿನಾಚೆಗೂ ಬೆಳೆದಿತ್ತು. ಡುಲುತ್ ನಗರದಿಂದ ಬಂದವರಿದ್ದರು, ವಿಸ್ಕಾನ್ಸಿನ್ ಗಡಿ ದಾಟಿ ಬಂದವರಿದ್ದರು. ಯಾರೋ ಫ್ಲಾಸ್ಕಿನಿಂದ ಕಾಫಿ ಹಂಚುತ್ತಿದ್ದರು. ಪೊಲೀಸ್ ಡೆಪ್ಯೂಟಿ ಕರ್ಟಿಸ್ ಗಾಡಿಯ ನೀಲಿ ದೀಪ ಹೊತ್ತಿಸಿಕೊಂಡು ಬಂದು ಇಳಿದ. ಎದುರು ಮನೆಯ ಹೆಂಗಸು ಫೋನ್ ಮಾಡಿದ್ದಳಂತೆ. ತಾನು ಮಲಗುವ ಅಂಗಿಯಲ್ಲೇ ಮೊಟ್ಟೆ ಹುರಿಯುತ್ತಿದ್ದೇನೆ, ಊರಿನ ಅರ್ಧ ಜನ ದುರ್ಬೀನು ಹಿಡಿದು ನಿಂತಿದ್ದಾರೆ ಎಂದು.

"ಯಾರು ಇದರ ಮುಖಂಡ?" ಎಂದು ಕರ್ಟಿಸ್ ಕೇಳಿದ.

ಎಲ್ಲರೂ ಆರ್ವಿಡ್‌ನನ್ನು ತೋರಿಸಿದರು. ಅವನ ಜೀವನದಲ್ಲಿ ಯಾರೂ ಅವನನ್ನು ಮುಖಂಡನೆಂದು ತೋರಿಸಿರಲಿಲ್ಲ.

"ಓ, ಹಾವಿನವರು," ಎಂದ ಕರ್ಟಿಸ್, ಎರಡು ಹೆಜ್ಜೆ ಹಿಂದೆ ಸರಿದು. "ಅದನ್ನ ತಂದಿಲ್ಲ ತಾನೆ?"

"ಇಲ್ಲ ಸ್ವಾಮಿ."

"ಮತ್ತೆ ಕೋಟು ಯಾಕೆ ಅಲ್ಲಾಡ್ತಿದೆ?"

"ಚಳಿಗೆ ನಡುಗ್ತಿದೀನಿ."

"ಒಂದೇ ಕಡೆಯಾ?"

ಹುಲ್ಡಮ್ಮ ಕೋಲೂರುತ್ತ ಬಂದದ್ದರಿಂದ ಆರ್ವಿಡ್ ಉಳಿದ. ಅವರನ್ನು ಕಂಡು ಕರ್ಟಿಸ್ ಟೋಪಿ ಮುಟ್ಟಿ ಸುಮ್ಮನಾದ. ಚಿಕ್ಕವನಿದ್ದಾಗ ಅವನಿಗೂ ಹಕ್ಕಿ ತೋರಿಸಿಕೊಟ್ಟವರು ಅವರೇ. ಹುಲ್ಡಮ್ಮ ಆರ್ವಿಡ್‌ನ ತೋಳು ಹಿಡಿದುಕೊಂಡು ಅವನ ಪಕ್ಕದಲ್ಲೇ, ಬಲಗಡೆಯ ಇಲಿಗೆ ಒರಗಿ ನಿಂತರು.

"ಈ ಸಲ ತಪ್ಪಿದ್ರೆ ಮುಗೀತು," ಎಂದರು ಮೆಲ್ಲಗೆ. "ಅರಿಜೋನಾದಲ್ಲಿ ಬರೀ ಮರಳು."

ಆರ್ವಿಡ್‌ಗೆ ಅಳು ಬಂದ ಹಾಗಾಯಿತು. ಇಡೀ ಗುಂಪು ಸದ್ದಿಲ್ಲದೆ ಸ್ಪ್ರೂಸ್ ಮರಗಳ ಕಡೆ ನೋಡುತ್ತ ನಿಂತಿತು. ಹಿಮದ ಹೊರೆಗೆ ಕೊಂಬೆಗಳು ಬಾಗಿದ್ದವು. ಹೊತ್ತು ಏರಿತು. ಕಾಲ್ಬೆರಳುಗಳು ಮರಗಟ್ಟಿದವು. ಮಿಲ್ಟನ್ ಟೆಲಿಸ್ಕೋಪಿನಿಂದ ಕಣ್ಣು ತೆಗೆದು, "ಭಾವ, ನಿಮ್ಮ ಹಕ್ಕಿಗೆ ಇವತ್ತು ರಜೆನಾ?" ಎಂದ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ವಿಸ್ಕಾನ್ಸಿನ್‌ನವರು ವಾಚು ನೋಡಿಕೊಂಡರು.

ಅದೇ ಗಳಿಗೆಯಲ್ಲಿ ಎಡಗಡೆಯ ಇಲಿ ಜೇಬಿನ ಹರುಕಿನಿಂದ ತೂರಿ ತೋಳಿನೊಳಗೆ ಇಳಿದು, ಬೆಚ್ಚಗಿನ ಮೊಣಕೈಯನ್ನು ಕಚ್ಚಿತು.

ಆರ್ವಿಡ್ ಕೂಗಲಿಲ್ಲ, ಅದು ಅವನ ದೊಡ್ಡತನ. ಆದರೆ ಎಡಗೈ ಅವನನ್ನು ಕೇಳದೆ ಮೇಲೆದ್ದು, ಮುಂದಕ್ಕೆ ಚಾಚಿ, ಗಡಗಡ ನಡುಗುತ್ತ ನಿಂತುಬಿಟ್ಟಿತು. ಹಕ್ಕಿ ನೋಡುವವರ ನಡುವೆ ಚಾಚಿದ ಕೈಗೆ ಒಂದೇ ಅರ್ಥ. ಟೆಲಿಸ್ಕೋಪುಗಳೆಲ್ಲ ಒಟ್ಟಿಗೆ ಆ ಕಡೆ ತಿರುಗಿದವು.

ಆ ಕಡೆ ಒಂದು ಮುರಿದ ಮರದ ಬೊಡ್ಡೆ ಇತ್ತು. ಬೂದು ಬಣ್ಣದ್ದು, ತಲೆಯ ಮೇಲೆ ಹಿಮ.

"ಸಿಕ್ತು," ಎಂದಳು ಡುಲುತ್‌ನ ಹೆಂಗಸೊಬ್ಬಳು, ಉಸಿರೆಳೆದು. "ಎಡಗಡೆ ಮುರಿದ ಕೊಂಬೆ, ಅದರ ಕೆಳಗೆ."

"ಮುಖ ಕಾಣ್ತಿದೆ," ಎಂದ ಇನ್ನೊಬ್ಬ.

ಮಿಲ್ಟನ್ ಟೆಲಿಸ್ಕೋಪಿಗೆ ಕಣ್ಣಿಟ್ಟು ಅದರ ತಿರುಪನ್ನು ಆಚೆ ಈಚೆ ತಿರುಗಿಸಿದ. ಅಕ್ಕಪಕ್ಕದವರೆಲ್ಲ ಕಂಡಿತು ಕಂಡಿತು ಎನ್ನುತ್ತಿರುವಾಗ ಅಷ್ಟು ದೊಡ್ಡ ಟೆಲಿಸ್ಕೋಪ್ ಇದ್ದವನು ಕಾಣಲಿಲ್ಲ ಎನ್ನುವುದು ಹೇಗೆ? "ಹಳದಿ ಕಣ್ಣು," ಎಂದ ಗಂಭೀರವಾಗಿ. "ಈಗ ಒಂದ್ಸಲ ಮಿಟುಕಿಸ್ತು. ಭಾವ, ಒಪ್ಪಿದೆ ನಿಮ್ಮನ್ನ." ಕರ್ಟಿಸ್ ಅವನನ್ನು ಸರಿಸಿ ತಾನೂ ಇಣುಕಿ, "ಮೀಸೆ ಚೆನ್ನಾಗಿದೆ," ಎಂದ.

ಹುಲ್ಡಮ್ಮ ದುರ್ಬೀನು ಎತ್ತಿ ನೋಡಿದರು. ಇಳಿಸಿ, ಗಾಜು ಒರೆಸಿ, ಮತ್ತೆ ನೋಡಿದರು.

"ನನಗೆ ಕಾಣ್ತಿಲ್ಲ."

"ಮುರಿದ ಕೊಂಬೆ ಕೆಳಗೆ, ಹುಲ್ಡಮ್ಮ."

"ಅಲ್ಲಿ ಬೊಡ್ಡೆ ಇದೆ."

"ಬೊಡ್ಡೆ ಅಲ್ಲ, ಅದೇ ಗೂಬೆ. ನಿಧಾನಕ್ಕೆ ನೋಡಿ." ಮಿಲ್ಟನ್ ಅವರ ಭುಜ ಹಿಡಿದು ತಿರುಗಿಸಿದ, ತನ್ನ ಟೆಲಿಸ್ಕೋಪಿನ ಮುಂದೆ ನಿಲ್ಲಿಸಿದ. ಸುತ್ತ ನಿಂತವರು ಒಬ್ಬೊಬ್ಬರಾಗಿ, ಮಕ್ಕಳಿಗೆ ಹೇಳಿದಂತೆ, ಮುಖ ಎಲ್ಲಿ ರೆಕ್ಕೆ ಎಲ್ಲಿ ಎಂದು ಹೇಳಿಕೊಟ್ಟರು. ಹುಲ್ಡಮ್ಮ ಬಹಳ ಹೊತ್ತು ನೋಡಿದರು. ಆಮೇಲೆ ಬೆನ್ನು ನೇರ ಮಾಡಿ, ಕೋಲು ಹುಡುಕಿ ಹಿಡಿದುಕೊಂಡರು.

"ಸರಿ. ಕಣ್ಣು ಹೋಯಿತು ನಂದು," ಎಂದರು. "ಎಲ್ಲರಿಗೂ ಕಾಣೋದು ನನಗೆ ಕಾಣ್ತಿಲ್ಲ ಅಂದ್ರೆ ಇನ್ನೇನು. ಮಗಳು ಹೇಳಿದ್ದೇ ಸರಿ."

ಅವರು ರಸ್ತೆಯ ಆಚೆ ಬದಿಗೆ, ಕಾರುಗಳ ಕಡೆಗೆ ನಡೆದರು. ಆ ನಡಿಗೆ ನೋಡಿ ಆರ್ವಿಡ್‌ನ ಎದೆ ಒಡೆಯಿತು. ಇಲಿ ಕಚ್ಚುತ್ತಿದ್ದದ್ದೂ ಮರೆತುಹೋಯಿತು.

"ಅದು ಬೊಡ್ಡೆ," ಎಂದ ಗಟ್ಟಿಯಾಗಿ. "ಕೇಳ್ರಪ್ಪಾ, ಅದು ಬರೀ ಬೊಡ್ಡೆ. ನಾನು ಗೂಬೆ ನೋಡೇ ಇಲ್ಲ. ಸುಳ್ಳು ಹೇಳಿದ್ದು."

ಎಲ್ಲರೂ ತಿರುಗಿ ಅವನನ್ನು ನೋಡಿದರು. ಆ ನೋಟದಲ್ಲಿ ಕ್ಷಮೆ ಇರಲಿಲ್ಲ.

"ಭಾವ, ತಮಾಷೆ ಸಾಕು," ಎಂದ ಮಿಲ್ಟನ್. "ಅದು ಕಣ್ಣು ಮಿಟುಕಿಸಿದ್ದನ್ನ ನಾನು ನೋಡಿದೀನಿ."

"ಬೊಡ್ಡೆ ಕಣೋ, ಮಿಟುಕಿಸೋದು ಹೇಗೆ?"

"ಹಾಗಾದ್ರೆ ನಾನು ಸುಳ್ಳ ಅಂತೀರಾ?"

"ಅಲ್ಲ, ನಾನು ಸುಳ್ಳ ಅಂತಿದೀನಿ."

"ನಾನೂ ನೋಡಿದೀನಿ," ಎಂದ ಕರ್ಟಿಸ್, ಸೊಂಟದ ಬೆಲ್ಟು ಸರಿಮಾಡಿಕೊಳ್ಳುತ್ತ. "ಸರ್ಕಾರಿ ಕೆಲಸದಲ್ಲಿರೋನು ನಾನು. ಇಷ್ಟು ಜನ ನೋಡಿದ್ದನ್ನ ನೀವೊಬ್ಬರು ಇಲ್ಲ ಅಂದ್ರೆ ಆಗಲ್ಲ, ಆರ್ವಿಡ್ ಅವರೇ."

"ನಾವು ರಾಜ್ಯ ದಾಟಿ ಬಂದಿದೀವಿ," ಎಂದರು ವಿಸ್ಕಾನ್ಸಿನ್‌ನವರು. ಅದು ಅವರ ಮಟ್ಟಿಗೆ ಕೊನೆಯ ಮಾತು. ಗುಂಪು ಅವನಿಗೆ ಬೆನ್ನು ಹಾಕಿ ಮತ್ತೆ ಬೊಡ್ಡೆಯನ್ನು ನೋಡತೊಡಗಿತು. ಆರು ದಿನ ಸತ್ಯವಂತನಾಗಿ ಬಾಳಿದ ಸುಳ್ಳುಗಾರನೊಬ್ಬ, ಸತ್ಯ ಹೇಳಿದ ಕೂಡಲೇ ಸುಳ್ಳುಗಾರನಾದದ್ದು ಹೀಗೆ.

ಆರ್ವಿಡ್ ರಸ್ತೆ ದಾಟಿ ಓಡಿದ. ಹುಲ್ಡಮ್ಮ ಅವನ ಪಿಕಪ್ ಗಾಡಿಗೆ ಒರಗಿ ನಿಂತಿದ್ದರು.

"ನಿಮ್ಮ ಕಣ್ಣು ಸರಿಯಾಗಿದೆ, ಹುಲ್ಡಮ್ಮ. ಇಲ್ಲಿರೋರಲ್ಲಿ ನಿಮ್ಮದೊಂದೇ ಸರಿಯಾಗಿರೋದು. ಅಲ್ಲಿ ಏನೂ ಇಲ್ಲ. ಮಿಲ್ಟನ್ ಎದುರು ಜಂಬಕ್ಕೆ ಹೇಳಿದೆ. ಕ್ಯಾಲೆಂಡರ್ ನೋಡಿ ಹೇಳಿದೆ. ನಿಮ್ಮ ಟಿಕೆಟ್ ಹೋಗೋ ಹಾಗೆ ಮಾಡಿದೆ." ಅಷ್ಟು ಹೇಳಿ, ಹೇಗೂ ಕೆಟ್ಟಿದ್ದೇನೆ ಎಂದುಕೊಂಡು, ತೋಳಿನೊಳಗೆ ಕೈ ಹಾಕಿ ಇಲಿಯನ್ನು ಬಾಲ ಹಿಡಿದು ಹೊರಗೆಳೆದ. "ಇದೂ ತಂದಿದ್ದೆ."

ಹುಲ್ಡಮ್ಮ ಇಲಿಯನ್ನು ನೋಡಿದರು. ಆಮೇಲೆ ಅವನನ್ನು ನೋಡಿದರು.

"ಅದು ಬೊಡ್ಡೆನಾ?"

"ಬೊಡ್ಡೆನೇ."

ಅವರ ಮುಖ ಒಂದು ಕ್ಷಣ ಹಗುರಾಯಿತು. ಮರುಕ್ಷಣ ದಂತವೈದ್ಯನ ಹೆಸರು ಕೂಗಿದ ಮುಖ ಬಂತು. "ಇಲಿ ಇಟ್ಕೊಂಡು ನನ್ನ ಪಕ್ಕದಲ್ಲಿ ನಿಂತಿದ್ಯಾ? ನಾನು ನಿನ್ನ ತೋಳು ಹಿಡ್ಕೊಂಡಿದ್ದೆನಲ್ಲೋ."

"ಹೌದು."

"ಕ್ಲಬ್ಬಿಂದ ನೀನು ಹೊರಗೆ."

"ಸರಿ ಹುಲ್ಡಮ್ಮ."

"ಚರ್ಚಲ್ಲಿ ಎಲ್ಲರ ಮುಂದೆ ಹೇಳ್ತೀನಿ."

"ಹೇಳಿ," ಎಂದ ಆರ್ವಿಡ್. ಅವನ ತಲೆ ಬಾಗಿತು, ಹಿಡಿತ ಸಡಿಲಾಯಿತು. ಇಲಿ ತಿರುಗಿ ಬೆರಳು ಕಚ್ಚಿ, ಕೆಳಗೆ ಬಿದ್ದು, ಗಾಡಿಯ ಹಿಂದಿನ ಬಯಲಿನ ಹಿಮದ ಮೇಲೆ ಪುಟುಪುಟು ಓಡಿತು.

ಸದ್ದೇ ಇರಲಿಲ್ಲ. ಬಯಲಿನಾಚೆಯ ಮರಗಳಿಂದ ಒಂದು ದೊಡ್ಡ ಬೂದು ಕಂಬಳಿ ಗಾಳಿಯಲ್ಲಿ ಜಾರಿಕೊಂಡು ಬಂದ ಹಾಗೆ ಬಂತು. ನೆಲದ ಮಟ್ಟಕ್ಕೆ ಇಳಿಯಿತು, ಕಾಲು ಮುಂದೆ ಚಾಚಿತು, ಹಿಮ ಚಿಮ್ಮಿತು. ರೆಕ್ಕೆ ಎರಡು ಸಲ ಬಡಿದು, ಇಲಿಯ ಸಮೇತ ಬೇಲಿಗೂಟದ ಮೇಲೆ ಕುಳಿತಿತು. ತಟ್ಟೆಯಷ್ಟು ಮುಖ. ಬಳೆ ಬಳೆ ಗೆರೆ. ಗಲ್ಲದ ಕೆಳಗೆ ಬಿಳಿ ಮೀಸೆ. ಕ್ಯಾಲೆಂಡರಿನಲ್ಲಿ ಇದ್ದಂತೆಯೇ ಇತ್ತು. ಆದರೆ ಕ್ಯಾಲೆಂಡರಿನದು ಹೀಗೆ ನೇರವಾಗಿ ನೋಡುತ್ತಿರಲಿಲ್ಲ.

ಆರ್ವಿಡ್ ಕೂಗಲು ಬಾಯಿ ತೆರೆದ. ಹುಲ್ಡಮ್ಮನ ಉಣ್ಣೆಯ ಕೈಗವಸು ಬಂದು ಅವನ ಬಾಯಿ ಮುಚ್ಚಿತು.

"ಉಸಿರು ಬಿಡಬೇಡ," ಎಂದರು.

ಗೂಬೆ ಇಲಿಯನ್ನು ಇಡಿಯಾಗಿ ನುಂಗಿತು. ತಲೆಯನ್ನು ಮೆಲ್ಲನೆ ಆಚೆ ತಿರುಗಿಸಿ, ಈಚೆ ತಿರುಗಿಸಿ, ಹುಲ್ಡಮ್ಮನನ್ನು ನೋಡಿತು. ಹುಲ್ಡಮ್ಮ ದುರ್ಬೀನು ಎತ್ತಲೂ ಇಲ್ಲ, ಅಷ್ಟು ಹತ್ತಿರ. ಆರ್ವಿಡ್‌ಗೆ ಬಾಯಿ ಮುಚ್ಚಿದ ಆ ಕೈಗವಸಿನೊಳಗೇ ಸಂತೋಷ ಉಕ್ಕಿ ಬಂತು. ಹುಟ್ಟಿದಾಗಿನಿಂದ ಅವನು ಅಷ್ಟು ಸಂತೋಷಪಟ್ಟಿರಲಿಲ್ಲ.

ರಸ್ತೆಯ ಆಚೆ ಬದಿಯಲ್ಲಿ ಇಡೀ ಗುಂಪು ಇತ್ತ ಬೆನ್ನು ಮಾಡಿ ನಿಂತಿತ್ತು. "ಭಾವ, ಬೇಗ ಬನ್ನಿ," ಎಂದು ಮಿಲ್ಟನ್ ಟೆಲಿಸ್ಕೋಪಿನಿಂದ ಕಣ್ಣು ತೆಗೆಯದೆ ಕರೆದ. "ಈಗ ತಲೆ ತಿರುಗಿಸ್ತಾ ಇದೆ."

ಗೂಬೆ ಗೂಟದಿಂದ ಜಾರಿ, ಬಂದ ಹಾಗೆಯೇ ಸದ್ದಿಲ್ಲದೆ ಬಯಲು ದಾಟಿ, ಅಂಚಿನ ಮರದ ಕೆಳಗಿನ ಕೊಂಬೆಯ ಮೇಲೆ ಕೂತಿತು. ಹುಲ್ಡಮ್ಮ ಕೈ ತೆಗೆದರು.

"ಎಲ್ಲರನ್ನೂ ಕರೀಲಾ?" ಎಂದು ಆರ್ವಿಡ್ ಪಿಸುಗುಟ್ಟಿದ. "ನೋಡಿದ್ರಲ್ಲ ನೀವು. ಕೊನೆಗೂ ನೋಡಿದ್ರಿ."

"ಇಲಿ ಹಾಕಿ ಕರೆಸಿದ ಹಕ್ಕಿ ನೋಡಿದ ಲೆಕ್ಕಕ್ಕೆ ಬರಲ್ಲ," ಎಂದರು ಹುಲ್ಡಮ್ಮ ಗಡುಸಾಗಿ. "ಆ ನಿಯಮ ಮಾಡಿದೋಳೇ ನಾನು."

ಆರ್ವಿಡ್ ತಲೆ ತಗ್ಗಿಸಿದ. ಹುಲ್ಡಮ್ಮ ಮರದ ಮೇಲಿನ ಬೂದು ಮುದ್ದೆಯನ್ನು ನೋಡುತ್ತ ನಿಂತರು. ಗುಂಪಿನ ಕಡೆ ಒಮ್ಮೆ ತಿರುಗಿ ನೋಡಿದರು. ಎಲ್ಲರೂ ಬೊಡ್ಡೆಯಲ್ಲಿ ಮುಳುಗಿದ್ದರು. ಅವರು ಕೋಲನ್ನು ಗಾಡಿಗೆ ಒರಗಿಸಿ, ಆರ್ವಿಡ್‌ನ ಕೋಟಿನ ಬಲಗಡೆ ಅಲ್ಲಾಡುತ್ತಿದ್ದದ್ದನ್ನು ನೋಡಿ, ಅವನ ಕಿವಿಯ ಹತ್ತಿರ ಬಾಗಿದರು.

"ಅದೂ ಇಲಿನೇ ತಾನೆ?" ಎಂದರು. "ಅದನ್ನೂ ಹಿಮದ ಮೇಲೆ ಬಿಡು."